ಬಡಾವಣೆ ಸಂಘ ನಡೆಸುವುದು ಹೇಗೆ? ರಸ್ತೆಯಿಂದ ಗಣೇಶನ ಪೆಂಡಾಲ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಡ್ಡರಸ್ತೆಗೆ ಹೊಸ ಡಾಂಬರು ಹಾಕಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಬೆಳಿಗ್ಗೆ ಹಾಲು ತರಲು ಹೊರಗೆ ಬಂದರೆ ರಸ್ತೆಯನ್ನು ಉದ್ದಕ್ಕೂ ಅಗೆದಿದ್ದರು. ನೀರಿನ ಪೈಪು ಬದಲಿಸಬೇಕಂತೆ. ಕೆಲಸದವರನ್ನು ಕೇಳಿದರೆ ಮೇಸ್ತ್ರಿಯನ್ನು ತೋರಿಸಿದರು. ಮೇಸ್ತ್ರಿ ಕಂಟ್ರಾಕ್ಟರ್ ನಂಬರ್ ಕೊಟ್ಟ. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಕಚೇರಿಗೆ ಹೋದರೆ, "ಪೈಪು ಸೋರುತ್ತಿದೆ ಅಂತ ನೀವ್ಯಾರೂ ಮೊದಲೇ ಬರೆದು ಕೊಟ್ಟಿಲ್ಲವಲ್ಲ" ಅಂದರು. ಅದು ನಿಜವೇ. ಎರಡು ವರ್ಷದಿಂದ ಆ ಪೈಪು ಸೋರುತ್ತಿತ್ತು. ದಿನಾ ಎಲ್ಲರೂ ಬೈಯುತ್ತಿದ್ದೆವು. ಒಬ್ಬರೂ ಬರೆದಿರಲಿಲ್ಲ.

ಅವತ್ತು ಸಂಜೆ ಮೂಲೆ ಅಂಗಡಿಯಿಂದ 200 ಪುಟದ ಒಂದು ನೋಟ್‌ಬುಕ್ ತಂದೆವು. ನಮ್ಮ ಸಂಘ ಶುರುವಾಗಿದ್ದು ಅಲ್ಲಿಂದ. ಎಂಜಿನಿಯರ್ ವರ್ಗವಾಗುತ್ತಾರೆ, ಕಂಟ್ರಾಕ್ಟರ್ ಬದಲಾಗುತ್ತಾರೆ, ಠಾಣೆಗೆ ಹೊಸ ಇನ್‌ಸ್ಪೆಕ್ಟರ್ ಬರುತ್ತಾರೆ. ರಸ್ತೆ ಮಾತ್ರ ನಮ್ಮ ಮನೆ ಮುಂದೆಯೇ ಇರುತ್ತದೆ. ಅದರ ಕಥೆಯನ್ನೆಲ್ಲ ನೆನಪಿಟ್ಟುಕೊಳ್ಳುವುದೇ ಸಂಘದ ಮೊದಲ ಕೆಲಸ ಅಂತ ನಾನು ನಂಬಿದ್ದೇನೆ. ಕೆಳಗೆ ಬರೆದಿರುವುದೆಲ್ಲ ಬೆಂಗಳೂರಿನ ಒಂದು ಸಾಮಾನ್ಯ ಬಡಾವಣೆಯ ಅನುಭವ. ಬೇರೆ ಊರಿನವರು ಇಲಾಖೆಗಳ ಹೆಸರು ಬದಲಿಸಿಕೊಂಡರೆ ಸಾಕು, ಮುಕ್ಕಾಲು ಭಾಗ ಹಾಗೇ ಹೊಂದುತ್ತದೆ.

1. ಮೊದಲು ಬಡಾವಣೆಯನ್ನು ನಡೆದು ನೋಡಿ

ಸಂಘಕ್ಕೆ ಹೆಸರು ಇಡುವ ಮುಂಚೆ, ಅಧ್ಯಕ್ಷರು ಯಾರು ಅಂತ ಮಾತಾಡುವ ಮುಂಚೆ, ಒಂದು ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಸೇರಿ ಪ್ರತಿ ಅಡ್ಡರಸ್ತೆಯನ್ನೂ ನಡೆದು ನೋಡಿ. ಜೊತೆಯಲ್ಲಿ ಒಬ್ಬರಾದರೂ ವಯಸ್ಸಾದವರು, ಒಬ್ಬರಾದರೂ ಮಗುವಿನ ಗಾಡಿ ತಳ್ಳುವ ತಾಯಿ ಇರಲಿ. ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ, ಎಲ್ಲಿ ಕಲ್ಲು ಅಲ್ಲಾಡುತ್ತದೆ ಅನ್ನುವುದು ಅವರಿಗೆ ಗೊತ್ತಾಗುವಷ್ಟು ನಮಗೆ ಗೊತ್ತಾಗುವುದಿಲ್ಲ.

ಕಂಡದ್ದನ್ನೆಲ್ಲ ಬರೆಯಿರಿ. ಬರೆಯುವಾಗ ಜಾಗ ಸರಿಯಾಗಿ ಇರಬೇಕು. "ಆರನೇ ಕ್ರಾಸ್‌ನಲ್ಲಿ ಲೈಟ್ ಇಲ್ಲ" ಅಂದರೆ ಲೈನ್‌ಮನ್ ಬಂದು ಹುಡುಕಿ ಹಾಗೇ ವಾಪಸ್ ಹೋಗುತ್ತಾರೆ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನು ಬರೆದುಕೊಳ್ಳಿ. ನಂಬರ್ ಅಳಿಸಿಹೋಗಿದ್ದರೆ ಯಾವ ಮನೆ ಎದುರು ಅಂತ ಬರೆಯಿರಿ. ಮೋರಿಯ ಚಪ್ಪಡಿ ಮುರಿದಿದ್ದರೆ ಅದರ ಪಕ್ಕ ಒಂದು ಚಪ್ಪಲಿಯನ್ನೋ ನೀರಿನ ಬಾಟಲಿಯನ್ನೋ ಇಟ್ಟು ಫೋಟೋ ತೆಗೆಯಿರಿ. ಎಷ್ಟು ದೊಡ್ಡ ತೂತು ಅನ್ನುವುದು ಆಗ ಕಾಣುತ್ತದೆ.

ಅದೇ ನಡಿಗೆಯನ್ನು ರಾತ್ರಿ ಎಂಟು ಗಂಟೆಗೆ ಇನ್ನೊಮ್ಮೆ ಮಾಡಿ. ಮಳೆ ಬಂದು ನಿಂತ ಮೇಲೆ ಮತ್ತೊಮ್ಮೆ. ನೀರು ಎಲ್ಲಿ ನಿಲ್ಲುತ್ತದೆ ಅಂತ ಬಿಸಿಲಿನಲ್ಲಿ ತಿಳಿಯುವುದಿಲ್ಲ.

ಜೊತೆಗೆ ಬಡಾವಣೆಯ ಅನುಮೋದಿತ ನಕ್ಷೆಯ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಾದರೆ ಬಿಡಿಎಯಲ್ಲಿ ಸಿಗುತ್ತದೆ. ಪಾರ್ಕ್ ಯಾವುದು, ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಸಿಎ ನಿವೇಶನ ಯಾವುದು, ರಸ್ತೆಯ ಅಗಲ ಎಷ್ಟು, ರಾಜಕಾಲುವೆ ಎಲ್ಲಿ ಹಾದುಹೋಗುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ಖಾಲಿ ಜಾಗಕ್ಕೆ ಒಂದು ದಿನ ಯಾರಾದರೂ ತಂತಿಬೇಲಿ ಹಾಕಿದರೆ ನಿಮ್ಮ ಕೈಯಲ್ಲಿ ಇರಬೇಕಾದ್ದು ಆ ನಕ್ಷೆ. ಪಾರ್ಕ್ ಜಾಗವನ್ನು ಬೇರೆ ಕೆಲಸಕ್ಕೆ ಬಳಸದಂತೆ ತಡೆಯಲು ರಾಜ್ಯದಲ್ಲಿ 1985ರಿಂದಲೇ ಕಾಯ್ದೆ ಇದೆ. ಆದರೆ ಅದು ಪಾರ್ಕ್ ಅಂತ ತೋರಿಸುವ ಕಾಗದ ನಮ್ಮ ಹತ್ತಿರ ಇರಬೇಕು, ಅಲ್ವಾ?

2. ನೋಂದಣಿ ಮಾಡಿಸಿ

ಹಬ್ಬಕ್ಕೆ ಚಂದಾ ಎತ್ತುವ ಗುಂಪಿಗೂ ಸಂಘಕ್ಕೂ ವ್ಯತ್ಯಾಸ ಇದೆ. ಬ್ಯಾಂಕ್ ಖಾತೆ ಬೇಕು, ಇಲಾಖೆಗೆ ಪತ್ರ ಬರೆಯಬೇಕು, ನಾಳೆ ಕೋರ್ಟಿಗೆ ಹೋಗಬೇಕಾಗಿ ಬಂದರೂ ನಿಲ್ಲಬೇಕು ಅಂದರೆ ನೋಂದಣಿ ಆಗಲೇಬೇಕು. ಬಿಡಿ ಮನೆಗಳ ಬಡಾವಣೆಯಲ್ಲಿ ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ 'ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ' ಅಂತ ನೋಂದಣಿ ಮಾಡಿಸುತ್ತಾರೆ. ಕನಿಷ್ಠ 7 ಜನ ಬೇಕು. ಸಂಘದ ಜ್ಞಾಪನಾ ಪತ್ರ, ಬೈಲಾ (ಸಂಘದ ನಿಯಮಾವಳಿ), ಸದಸ್ಯರ ಗುರುತು ಮತ್ತು ವಿಳಾಸದ ದಾಖಲೆ, ಕಚೇರಿ ವಿಳಾಸದ ಪುರಾವೆ ಜೋಡಿಸಿ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಅಪಾರ್ಟ್‌ಮೆಂಟ್‌ನವರಿಗೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಂತ ಬೇರೆಯೇ ಇದೆ. ಅವರು ಅದು ಗೊತ್ತಿರುವ ವಕೀಲರನ್ನು ಕೇಳುವುದು ಒಳ್ಳೆಯದು.

ಬೈಲಾವನ್ನು ಯಾರದೋ ಹಳೇ ಪ್ರತಿಯಿಂದ ಹಾಗೇ ಇಳಿಸಿಕೊಳ್ಳಬೇಡಿ. ಮೂರು ವಿಷಯ ಕೂತು ಮಾತಾಡಿ ಬರೆಯಿರಿ.

ಒಂದು, ಸದಸ್ಯರು ಯಾರು? ಬಾಡಿಗೆಗೆ ಇರುವವರನ್ನೂ ಸೇರಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಇರುವವರು ಬಾಡಿಗೆದಾರರು. ಅದೇ ಗುಂಡಿಯಲ್ಲಿ ಗಾಡಿ ಇಳಿಸುವವರು, ಅದೇ ಕತ್ತಲಲ್ಲಿ ಮನೆಗೆ ನಡೆದು ಬರುವವರು ಅವರು. 'ಸ್ವಂತ ಮನೆಯವರಿಗೆ ಮಾತ್ರ' ಅಂತ ಬಾಗಿಲು ಹಾಕಿಕೊಂಡ ಸಂಘಗಳಲ್ಲಿ ಕೊನೆಗೆ ಹತ್ತು ಜನ ನಿವೃತ್ತರು ಮಾತ್ರ ಉಳಿದದ್ದನ್ನು ಕಂಡಿದ್ದೇನೆ. ಆಸ್ತಿಗೆ ಸಂಬಂಧಿಸಿದ ವಿಷಯಕ್ಕೆ ಮಾತ್ರ ಮಾಲೀಕರ ಮತ ಅಂತ ಬೇಕಾದರೆ ಇಟ್ಟುಕೊಳ್ಳಿ.

ಎರಡು, ಪದಾಧಿಕಾರಿಗಳ ಅವಧಿ. ಎರಡು ವರ್ಷ ಸಾಕು. ಒಬ್ಬರೇ ಸತತವಾಗಿ ಎರಡು ಅವಧಿಗಿಂತ ಜಾಸ್ತಿ ಇರಬಾರದು ಅಂತ ಬರೆದಿಡಿ. ಎಷ್ಟೇ ಒಳ್ಳೆಯವರಾದರೂ ಇದು ಬೇಕು.

ಮೂರು, ಹಣ. ಬ್ಯಾಂಕ್ ಖಾತೆಗೆ ಎರಡು ಸಹಿ ಇರಲಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಈ ಮೂವರಲ್ಲಿ ಯಾರಾದರೂ ಇಬ್ಬರು. ಒಂದೇ ಮನೆಯ ಇಬ್ಬರು ಆಗಬಾರದು. ಯಾರೊಬ್ಬರ ಫೋನ್‌ಗೂ ಯುಪಿಐ ಹಣ ಬರಬಾರದು, ಸಂಘದ ಖಾತೆಯ ಕ್ಯೂಆರ್ ಕೋಡ್‌ಗೇ ಬರಬೇಕು. ನೂರು ರೂಪಾಯಿಗೂ ರಸೀದಿ ಕೊಡಿ.

ನೋಂದಣಿ ಆದ ಮೇಲೆ ಮರೆತುಬಿಡುವ ಸಂಘಗಳೇ ಜಾಸ್ತಿ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಅದಾದ 14 ದಿನದೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷದ್ದು ಬಾಕಿ ಬಿದ್ದರೆ ದಂಡ ಕಟ್ಟಿ, ಓಡಾಡಿ ಸರಿಮಾಡಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ.

3. ತಿಂಗಳಿಗೊಂದು ಸಭೆ, ಒಂದೂವರೆ ಗಂಟೆ

ಪಾರ್ಕ್‌ನ ಬೆಂಚು ಸಾಕು. ಪ್ರತಿ ತಿಂಗಳು ಒಂದೇ ವಾರ, ಒಂದೇ ಹೊತ್ತು ಇರಲಿ. ನಮ್ಮದು ಎರಡನೇ ಭಾನುವಾರ ಬೆಳಿಗ್ಗೆ ಏಳೂವರೆಗೆ. ಒಂಬತ್ತಕ್ಕೆ ಎದ್ದುಬಿಡುತ್ತೇವೆ. ತಿಂಡಿಗೆ ಮನೆಗೆ ಹೋಗಬೇಕು ಅನ್ನುವುದು ಸಭೆಗೆ ಒಳ್ಳೆಯ ಗಡಿಯಾರ.

ಹೋದ ತಿಂಗಳ ನಡಾವಳಿ ಓದುವುದರಿಂದ ಶುರು ಮಾಡಿ. ಯಾವ ಕೆಲಸ, ಯಾರು ಒಪ್ಪಿಕೊಂಡಿದ್ದರು, ಆಯಿತೋ ಇಲ್ಲವೋ. ಮಾತಾಡಿದ್ದನ್ನೆಲ್ಲ ಬರೆಯುವ ಅಗತ್ಯ ಇಲ್ಲ, ತೀರ್ಮಾನ ಬರೆದರೆ ಸಾಕು. ಕೊನೆಯಲ್ಲಿ ಬಂದವರೆಲ್ಲರ ಸಹಿ. ಮೊಬೈಲ್ ಗ್ರೂಪ್‌ನಲ್ಲಿ ನಡೆದ ಚರ್ಚೆಯನ್ನು ಸಂಘದ ತೀರ್ಮಾನ ಅಂತ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಗ್ರೂಪ್ ಇರುವುದು ಸುದ್ದಿ ತಿಳಿಸಲು. 'ನಾಳೆ ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇಲ್ಲ' ಅನ್ನುವಂಥದ್ದಕ್ಕೆ ಅದು ಬಹಳ ಉಪಯೋಗ. ಗುಡ್ ಮಾರ್ನಿಂಗ್ ಚಿತ್ರ, ರಾಜಕೀಯ, ಜಾತಿಯ ಮಾತು ಇರಬಾರದು ಅಂತ ಮೊದಲ ದಿನವೇ ಹೇಳಿಬಿಡಿ.

ತಿಂಗಳ ಜಮಾ–ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಪಾರ್ಕ್‌ನ ನೋಟಿಸ್ ಬೋರ್ಡಿಗೆ ಅಂಟಿಸಿ. ನಮ್ಮ ಖಜಾಂಚಿ ನಿವೃತ್ತ ಮೇಷ್ಟ್ರು. ಪೊರಕೆ 90 ರೂಪಾಯಿ, ಬೀಗ 240 ರೂಪಾಯಿ ಅಂತ ಒಂದೊಂದನ್ನೂ ಮುದ್ದಾಗಿ ಬರೆದು ಹಾಕುತ್ತಾರೆ. ಆ ಹಾಳೆ ಅಂಟಿಸಲು ಶುರುಮಾಡಿದ ಮೇಲೆ ವಂತಿಗೆ ಕೇಳಲು ಮನೆಮನೆಗೆ ಹೋಗುವುದು ಅರ್ಧಕ್ಕೆ ಇಳಿಯಿತು.

4. ಅಭಿವೃದ್ಧಿ ಕೆಲಸ: ಯಾರನ್ನು, ಏನು, ಹೇಗೆ ಕೇಳಬೇಕು

ಎಲ್ಲಕ್ಕಿಂತ ತಾಳ್ಮೆ ಬೇಕಾಗುವ ಭಾಗ ಇದು.

ಮೊದಲು ಯಾವ ಕೆಲಸ ಯಾರದು ಅಂತ ತಿಳಿದುಕೊಳ್ಳಿ. ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದು, ಸಹಾಯವಾಣಿ 1916. ಕರೆಂಟ್, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ವೈರು ಬೆಸ್ಕಾಂನದು, 1912. ಒಳರಸ್ತೆ, ಮಳೆನೀರಿನ ಚರಂಡಿ, ಬೀದಿದೀಪ, ಪಾರ್ಕ್, ಬಿದ್ದ ಮರ, ಇವು ಪಾಲಿಕೆಯದು, 1533. ನೀರು ನಿಂತರೆ ಎಲ್ಲರೂ ಮೊದಲು ಜಲಮಂಡಳಿಗೆ ಫೋನ್ ಮಾಡುತ್ತಾರೆ. ಮಳೆನೀರಾದರೆ ಅದು ಪಾಲಿಕೆಯ ಮೋರಿ, ಕೊಳಚೆ ಉಕ್ಕಿದ್ದಾದರೆ ಜಲಮಂಡಳಿಯ ಮ್ಯಾನ್‌ಹೋಲ್. ಇದೊಂದು ಗೊತ್ತಿದ್ದರೆ ಎರಡು ದಿನ ಉಳಿಯುತ್ತದೆ.

ಬೆಂಗಳೂರಿನಲ್ಲಿ ಪಾಲಿಕೆ ಅಂದರೆ ಈಗ ಒಂದಲ್ಲ, ಐದು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆಗಳು ಬಂದವು. ವಾರ್ಡ್ ಗಡಿಗಳೂ ಬದಲಾದವು. ನಿಮ್ಮ ಬೀದಿ ಯಾವ ಪಾಲಿಕೆ, ಯಾವ ವಾರ್ಡ್ ಅಂತ ಖಚಿತ ಮಾಡಿಕೊಂಡು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆಯಿರಿ. ಅದರ ಕೆಳಗೆ ಸಹಾಯಕ ಎಂಜಿನಿಯರ್, ಅವರ ಮೇಲಿನ ಕಾರ್ಯಪಾಲಕ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ಲೈನ್‌ಮನ್, ನೀರು ಬಿಡುವವರು, ಇಷ್ಟೂ ಜನರ ನಂಬರ್. ಪೆನ್ಸಿಲ್‌ನಲ್ಲಿ ಬರೆಯಿರಿ, ಬದಲಾಗುತ್ತಾ ಇರುತ್ತದೆ.

ಹಿಂದಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್ ಇರಲಿಲ್ಲ. ಆ ದಿನಗಳಲ್ಲಿ ಸಂಘ ಇದ್ದ ಬೀದಿಗಳ ದನಿ ಮಾತ್ರ ಕಚೇರಿಗೆ ಮುಟ್ಟುತ್ತಿತ್ತು. ವಾರ್ಡ್ ಸಮಿತಿ ಸಭೆ ನಡೆದಾಗ ತಪ್ಪಿಸಬೇಡಿ. 1976ರ ಕರ್ನಾಟಕ ನಗರ ಪಾಲಿಕೆಗಳ ಕಾಯ್ದೆ ನಡೆಯುವ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡದಂಥ ಊರುಗಳಲ್ಲಿ ವಾರ್ಡ್ ಸಮಿತಿಯಲ್ಲಿ ನಿವಾಸಿ ಸಂಘಗಳ ಪರವಾಗಿ ಕನಿಷ್ಠ ಇಬ್ಬರೂ, ಒಟ್ಟಾರೆ ಕನಿಷ್ಠ ಮೂವರು ಮಹಿಳೆಯರೂ ಇರಬೇಕು ಅಂತ ಕಾನೂನೇ ಹೇಳುತ್ತದೆ. ನಿಮ್ಮ ವಾರ್ಡಿನಲ್ಲಿ ಸಂಘಗಳ ಆ ಜಾಗದಲ್ಲಿ ಯಾರಿದ್ದಾರೆ ಅಂತ ಕೇಳಿ.

ಈಗ ಪತ್ರದ ವಿಷಯ. ಒಂದು ಪತ್ರಕ್ಕೆ ಒಂದೇ ದೂರು. ಹದಿನೆಂಟು ಸಮಸ್ಯೆಯ ಮನವಿ ಕೊಟ್ಟರೆ ಅದು ಯಾವ ಟೇಬಲ್‌ಗೂ ಸೇರುವುದಿಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ಅರ್ಧ ಪುಟ ಬರೆದು, ಎರಡು ಫೋಟೋ ಹಚ್ಚಿ, ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಇಲ್ಲದ ಪತ್ರ ಕೊಟ್ಟಿದ್ದಕ್ಕೆ ಲೆಕ್ಕವೇ ಇಲ್ಲ. ಫೋನ್‌ನಲ್ಲಿ ದೂರು ಕೊಟ್ಟರೆ ದೂರಿನ ಸಂಖ್ಯೆ ಬರೆದುಕೊಳ್ಳಿ.

ನಮ್ಮ ನೋಟ್‌ಬುಕ್‌ನಲ್ಲಿ ಒಂದೊಂದು ದೂರಿಗೆ ಒಂದು ಸಾಲು. ದಿನಾಂಕ, ಜಾಗ, ದೂರಿನ ಸಂಖ್ಯೆ, ಯಾರ ಜೊತೆ ಮಾತಾಡಿದ್ದು, ಮುಂದೆ ಯಾವತ್ತು ಕೇಳಬೇಕು. ಕೆಲಸ ಆದರೆ ಹಸಿರು ಗೆರೆ. ಆರನೇ ಕ್ರಾಸ್ ತಿರುವಿನಲ್ಲಿ ಒಂದು ಮ್ಯಾನ್‌ಹೋಲ್ ಇತ್ತು. ಪದರದ ಮೇಲೆ ಪದರ ಡಾಂಬರು ಹಾಕಿ ಹಾಕಿ ಅದರ ಮುಚ್ಚಳ ರಸ್ತೆಗಿಂತ ಒಂದು ಗೇಣು ಕೆಳಗೆ ಹೋಗಿತ್ತು. ಮಳೆ ಬಂದಾಗ ನೀರು ತುಂಬಿ ಗುಂಡಿ ಕಾಣುತ್ತಲೇ ಇರಲಿಲ್ಲ. ಸ್ಕೂಟರ್‌ನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗಿ ಬಿದ್ದು ಮುಂಗೈ ಮುರಿದುಕೊಂಡಳು. ಆ ಮುಚ್ಚಳ ಎತ್ತರಿಸಲು ನೋಟ್‌ಬುಕ್‌ನಲ್ಲಿ ಒಂಬತ್ತು ಸಾಲು ಹಿಡಿಯಿತು. ನಡುವೆ ಇಬ್ಬರು ಎಂಜಿನಿಯರ್ ವರ್ಗವಾದರು. ಮೂರನೆಯವರು ಬಂದ ವಾರವೇ ನಾವು ಎಂಟು ದಿನಾಂಕಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಅವರು ಓದಿ, ಸುಮ್ಮನೆ ಎದ್ದು, ನಮ್ಮ ಜೊತೆ ನಡೆದುಕೊಂಡೇ ಬಂದು ನೋಡಿದರು. ಹತ್ತು ದಿನದಲ್ಲಿ ಮುಚ್ಚಳ ರಸ್ತೆಯ ಮಟ್ಟಕ್ಕೆ ಬಂತು.

ಹೊಸ ರಸ್ತೆ ಮಂಜೂರಾದ ಸುದ್ದಿ ಬಂದರೆ ಸಿಹಿ ಹಂಚುವ ಮುಂಚೆ ಕ್ರಮ ಸರಿ ಇದೆಯಾ ನೋಡಿ. ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಆಮೇಲೆ ಗ್ಯಾಸ್ ಪೈಪು ಮತ್ತು ಕೇಬಲ್, ಮೋರಿ ರಿಪೇರಿ, ಕೊನೆಗೆ ಡಾಂಬರು. ಪಾಲಿಕೆ, ಜಲಮಂಡಳಿ, ಬೆಸ್ಕಾಂ ಮೂವರಿಗೂ ಒಂದೇ ದಿನ ಪತ್ರ ಕೊಡಿ: 'ಈ ರಸ್ತೆಗೆ ಡಾಂಬರು ಬೀಳಲಿದೆ, ನಿಮ್ಮ ನೆಲದಡಿಯ ಕೆಲಸ ಏನಾದರೂ ಬಾಕಿ ಇದ್ದರೆ ಮೊದಲೇ ಮುಗಿಸಿ.' ಆ ಅಗೆತದ ನಂತರ ನಾವು ಕಲಿತದ್ದು ಇದು.

ಕೆಲಸ ನಡೆಯುವಾಗ ದಿನಕ್ಕೊಬ್ಬರು ನಿಂತು ನೋಡಿ. ಜಗಳ ಬೇಡ. ಫೋಟೋ ತೆಗೆಯಿರಿ, ಕೆಲಸದವರಿಗೆ ನೀರು, ಮಜ್ಜಿಗೆ ಕೊಡಿ. ಹಳೇ ಪದರವನ್ನು ಕೆರೆದು ಹಾಕುತ್ತಿದ್ದಾರಾ, ನೀರು ಮೋರಿ ಕಡೆಗೆ ಇಳಿಯುವಂತೆ ಇಳಿಜಾರು ಇದೆಯಾ, ಮಳೆನೀರು ಮೋರಿಗೆ ಇಳಿಯುವ ತೂತುಗಳ ಮೇಲೆ ಡಾಂಬರು ಮೆತ್ತಿಬಿಟ್ಟಿದ್ದಾರಾ. ಈ ಕೊನೆಯದು ಬಹಳ ಸಲ ಆಗುತ್ತದೆ.

ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಚ್ಚಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಸಂಘದ ಹೆಸರಲ್ಲಿ ಹಾಕಿದರೆ ತಕರಾರು ಬರಬಹುದು, ಈ ಹಕ್ಕು ನಾಗರಿಕರಿಗೆ ಕೊಟ್ಟದ್ದು. ಹಾಗಾಗಿ ಒಬ್ಬ ಸದಸ್ಯರು ತಮ್ಮ ಹೆಸರಲ್ಲೇ ಹಾಕಲಿ. ಕೇಳಬೇಕಾದ್ದು ನಾಲ್ಕು: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪ್ರತಿ, ದೋಷ ಕಂಡರೆ ಕಂಟ್ರಾಕ್ಟರ್ ತನ್ನ ಖರ್ಚಿನಲ್ಲೇ ಸರಿಮಾಡಬೇಕಾದ ಅವಧಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದಲ್ಲಿ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ. ಕೈಗೆ ಬಂದ ಅಂದಾಜು ಪಟ್ಟಿ ಹಿಡಿದು ಟೇಪ್ ತೆಗೆದುಕೊಂಡು ರಸ್ತೆ ಅಳೆದು ನೋಡಿ. ಮಕ್ಕಳನ್ನೂ ಕರೆದುಕೊಳ್ಳಿ, ಅವರಿಗೆ ಇದು ಬಹಳ ಇಷ್ಟವಾಗುತ್ತದೆ.

ಮರದ ವಿಷಯದಲ್ಲಿ ಆತುರ ಬೇಡ. ಸ್ವಂತ ಕಾಂಪೌಂಡಿನ ಮರವಾದರೂ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಒಣಗಿದ ಕೊಂಬೆಗಳ ಪಟ್ಟಿಯನ್ನು ಫೆಬ್ರವರಿಯಲ್ಲೇ ಕೊಟ್ಟುಬಿಡಿ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆಗಳು ಮುರಿದು ಬೀಳುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಮೋರಿಯ ಹೂಳು ತೆಗೆಸುವ ಪತ್ರವೂ ಅದೇ ತಿಂಗಳಲ್ಲಿ ಹೋಗಬೇಕು.

ನೀರಿನ ಬಗ್ಗೆ ಒಂದು ಮಾತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್‌ಗೆ ಕಾದು ಕೂತದ್ದು ಯಾರಿಗೂ ಮರೆತಿಲ್ಲ. 30x40ರ ಹೊಸ ಮನೆಗೂ 60x40ರ ಹಳೇ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಅಂತ ಜಲಮಂಡಳಿ ನಿಯಮ ಇದೆ. ಸಂಘ ಮಾಡಬಹುದಾದ್ದು ಪಾರ್ಕ್‌ನಲ್ಲಿ ಇಂಗುಗುಂಡಿ. ಅದಕ್ಕೆ ಪಾಲಿಕೆಯ ತೋಟಗಾರಿಕೆ ವಿಭಾಗದ ಒಪ್ಪಿಗೆ ಪಡೆಯಿರಿ, ವರ್ಷಕ್ಕೊಮ್ಮೆ ಕಸ ತೆಗೆಸಿ.

5. ಕಸ

ಬೀದಿ ಮೂಲೆಯ ಕಸದ ರಾಶಿ ಎಲ್ಲಿಂದ ಬರುತ್ತದೆ ಅಂತ ಪತ್ತೆ ಮಾಡದೆ ಯಾರನ್ನೂ ಬೈಯಬೇಡಿ. ನಾವು ಒಂದು ವಾರ ನೋಡಿದೆವು. ಹಾಕುತ್ತಿದ್ದವರಲ್ಲಿ ಜಾಸ್ತಿ ಜನ ಬೆಳಿಗ್ಗೆ ಆರೂವರೆಗೇ ಕೆಲಸಕ್ಕೆ ಹೋಗುವವರು. ಕಸ ಒಯ್ಯುವ ಆಟೋ ಟಿಪ್ಪರ್ ಬರುತ್ತಿದ್ದದ್ದು ಎಂಟಕ್ಕೆ. ಪಕ್ಕದ ಮನೆಯವರು ಅವರ ಡಬ್ಬಿ ಇಡಿಸಿಕೊಂಡು ಟಿಪ್ಪರ್‌ಗೆ ಕೊಡುವಂತೆ ಮಾತಾಡಿದ ಮೇಲೆ ಅರ್ಧ ಕಸ ನಿಂತಿತು. ಆಮೇಲೆ ಜಾಗ ತೊಳೆದು, ಸುಣ್ಣ ಬಳಿದು, ರಂಗೋಲಿ ಹಾಕಿ, ಎರಡು ಕುಂಡ ಇಟ್ಟೆವು. ಮೊದಲ ಹದಿನೈದು ದಿನ ಬೆಳಿಗ್ಗೆ ಸಂಜೆ ಯಾರಾದರೂ ಅಲ್ಲಿ ನಿಲ್ಲಬೇಕು. ಅಷ್ಟು ಮಾಡದಿದ್ದರೆ ಕುಂಡದ ಮೇಲೇ ಕಸ ಬೀಳುತ್ತದೆ.

ಹಸಿ ಕಸ ಒಂದು ಡಬ್ಬಿ, ಪ್ಯಾಡ್–ಡಯಾಪರ್‌ನಂಥದ್ದು ಇನ್ನೊಂದು ಡಬ್ಬಿ, ಒಣ ಕಸ ಚೀಲದಲ್ಲಿ. ಈ 'ಎರಡು ಡಬ್ಬಿ ಒಂದು ಚೀಲ' ಬೆಂಗಳೂರಿಗೆ 2015ರ ಹೈಕೋರ್ಟ್ ಆದೇಶದಿಂದ ಬಂದದ್ದು. ಪ್ಯಾಡ್‌ಗಳನ್ನು ಪೇಪರ್‌ನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡಿ ಅಂತ ಮನೆಮನೆಗೆ ಹೇಳಿ. ಬರಿಗೈಯಲ್ಲಿ ಅದನ್ನು ಬೇರ್ಪಡಿಸುವವರು ಪೌರಕಾರ್ಮಿಕ ಹೆಣ್ಣುಮಕ್ಕಳು. ಅವರ ಹೆಸರು ನಮಗೆ ಗೊತ್ತಿರಬೇಕು. ಅವರಿಗೆ ಕೈಕಾಲು ತೊಳೆಯಲು ನಲ್ಲಿ, ಹೋಗಲು ಶೌಚಾಲಯ, ಕೂತು ತಿಂಡಿ ತಿನ್ನಲು ನೆರಳು ಎಲ್ಲಿದೆ ಅನ್ನುವುದೂ ಸಂಘದ ಸಭೆಯ ವಿಷಯವೇ.

6. ಸುರಕ್ಷತೆ

ಕ್ಯಾಮೆರಾ ಖರೀದಿಯಿಂದ ಶುರು ಮಾಡಬೇಡಿ, ದೀಪದಿಂದ ಶುರು ಮಾಡಿ. ರಾತ್ರಿ ನಡಿಗೆಯಲ್ಲಿ ಕಂಡ ಕತ್ತಲ ಜಾಗಗಳ ಪಟ್ಟಿ ಇದೆಯಲ್ಲ, ಅದು ಖಾಲಿಯಾಗುವವರೆಗೆ ಬೆನ್ನು ಹತ್ತಿ. ಎಷ್ಟೋ ಕಡೆ ದೀಪ ಉರಿಯುತ್ತಿರುತ್ತದೆ, ಮರದ ಕೊಂಬೆ ಬೆಳಕನ್ನು ಮುಚ್ಚಿರುತ್ತದೆ. ಆ ಕೊಂಬೆ ಸವರಿಸಿದರೆ ಸಾಕು.

ಆಮೇಲೆ ಠಾಣೆ. ಏನಾದರೂ ಆದಾಗ ಮಾತ್ರ ಹೋಗುವುದು ಬೇಡ. ಇಬ್ಬರು ಹೋಗಿ ಸಂಘದ ಪತ್ರ ಕೊಟ್ಟು, ನಿಮ್ಮ ಬೀಟ್ ಪೊಲೀಸ್ ಯಾರು ಅಂತ ತಿಳಿದುಕೊಂಡು ಬನ್ನಿ. ಒಂದು ತಿಂಗಳ ಸಭೆಗೆ ಅವರನ್ನು ಕರೆಯಿರಿ. ಬೀಗ ಹಾಕಿ ಊರಿಗೆ ಹೋಗುವವರು ಠಾಣೆಗೂ ಪಕ್ಕದ ಮನೆಗೂ ತಿಳಿಸಿ ಹೋಗುವ ರೂಢಿ ಬೆಳೆಸಿ. ಬೀಗ ಹಾಕಿದ ಮನೆಯನ್ನು ದೂರದಿಂದಲೇ ತೋರಿಸಿಕೊಡುವುದು ಬಾಗಿಲಲ್ಲಿ ಬಿದ್ದ ನಾಲ್ಕು ದಿನದ ಪೇಪರ್. ಅದನ್ನು ಎತ್ತಿಡುವ ಕೆಲಸವನ್ನು ಎದುರು ಮನೆಯ ಹುಡುಗನಿಗೆ ಒಪ್ಪಿಸಿ.

ತುರ್ತಿಗೆ 112, ಆಂಬುಲೆನ್ಸ್ 108, ಅಗ್ನಿಶಾಮಕ 101, ಮಕ್ಕಳ ಸಹಾಯವಾಣಿ 1098, ಹಿರಿಯರಿಗೆ 14567, ಸೈಬರ್ ವಂಚನೆಗೆ 1930. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಮನೆಯ ಫ್ರಿಜ್ ಮೇಲೆ ಅಂಟಿಸಿ. ನಮ್ಮ ಬೀದಿಯ ಒಬ್ಬ ಅಜ್ಜಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದವರ ಫೋನ್ ಇಟ್ಟು ಸೀದಾ ನಮ್ಮ ಮನೆಗೆ ಬಂದಿದ್ದರು. ಅಷ್ಟು ಸಲಿಗೆ ಬೀದಿಯಲ್ಲಿ ಇದ್ದದ್ದಕ್ಕೆ ಅವರ ಹಣ ಉಳಿಯಿತು. ಒಂಟಿಯಾಗಿರುವ ಹಿರಿಯರ ಒಂದು ಪಟ್ಟಿ ಇರಲಿ, ಒಬ್ಬೊಬ್ಬರಿಗೆ ಒಂದು ಮನೆ ಅಂತ ಹಂಚಿಕೊಂಡು ದಿನಕ್ಕೊಮ್ಮೆ ಮಾತಾಡಿಸಿ. ಪಟ್ಟಿಯನ್ನು ಗ್ರೂಪ್‌ಗೆ ಹಾಕಬೇಡಿ, ಕಾರ್ಯದರ್ಶಿ ಹತ್ತಿರ ಮಾತ್ರ ಇರಲಿ.

ಕ್ಯಾಮೆರಾ ಹಾಕುವುದಾದರೆ ಬಡಾವಣೆ ಒಳಗೆ ಬರುವ, ಹೊರಗೆ ಹೋಗುವ ತಿರುವಿನಲ್ಲಿ ಹಾಕಿ. ಯಾರ ಮನೆಯ ಕಿಟಕಿ, ಬಾಗಿಲೂ ಅದರಲ್ಲಿ ಕಾಣಬಾರದು. ದೃಶ್ಯ ಯಾರು ನೋಡಬಹುದು, ಎಷ್ಟು ದಿನ ಇಡಬೇಕು ಅಂತ ಠರಾವು ಮಾಡಿ. ವರ್ಷದ ನಿರ್ವಹಣೆಗೆ ಹಣ ತೆಗೆದಿಡದೆ ಖರೀದಿಸಿದ ಕ್ಯಾಮೆರಾಗಳು ಎರಡನೇ ಮಳೆಗಾಲ ದಾಟುವುದು ಕಷ್ಟ. ರಸ್ತೆಗೆ ಗೇಟ್ ಹಾಕಿ ಹೊರಗಿನವರನ್ನು ತಡೆಯಲು ಹೋಗಬೇಡಿ. ಪಾಲಿಕೆಗೆ ಸೇರಿದ ರಸ್ತೆ ಎಲ್ಲರದ್ದು. ಮನೆಕೆಲಸದವರು, ಡೆಲಿವರಿ ಹುಡುಗರು, ತಳ್ಳುಗಾಡಿಯವರನ್ನು ಅನುಮಾನದಿಂದ ನೋಡುವ ಪದ್ಧತಿಯನ್ನು ಸಂಘ ಬೆಳೆಸಬಾರದು. ಬೆಳಿಗ್ಗೆಯಿಂದ ಸಂಜೆವರೆಗೆ ಬೀದಿಯಲ್ಲಿ ಕಣ್ಣು ಇಟ್ಟಿರುವವರು ಇಸ್ತ್ರಿ ಅಂಗಡಿಯವರು, ಸೊಪ್ಪಿನ ಅಮ್ಮ. ನಮ್ಮಲ್ಲಿ ಕಳವಾಗಿದ್ದ ಒಂದು ಸೈಕಲ್ ಸಿಕ್ಕಿದ್ದು ಇಸ್ತ್ರಿ ಮಾಡುವ ಅಣ್ಣ ಕೊಟ್ಟ ಸುಳಿವಿನಿಂದ.

ಬೀದಿನಾಯಿ ವಿಷಯಕ್ಕೆ ಪ್ರತಿ ಸಂಘದಲ್ಲೂ ಎರಡು ಬಣ ಆಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ನಾಯಿಗೆ ಊಟ ಹಾಕುವ ಜಾಗ ಗೊತ್ತುಮಾಡುವ ಹೊಣೆ ನಿವಾಸಿ ಸಂಘದ್ದು. ಆದರೆ ಬೀದಿಯಲ್ಲಿ ಊಟ ಹಾಕಬಾರದು, ವಾರ್ಡಿನಲ್ಲಿ ಅದಕ್ಕೆ ಪಾಲಿಕೆ ಜಾಗ ಗೊತ್ತುಮಾಡಬೇಕು ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಪಾಲಿಕೆಯನ್ನೂ ಕೇಳಿ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಮನೆ ಬಾಗಿಲಿನಿಂದ ದೂರ ಇರಬೇಕು. ಊಟ ಹಾಕುವವರನ್ನೂ ಹೆದರುವವರನ್ನೂ ಒಟ್ಟಿಗೆ ಕೂರಿಸಿ ಜಾಗ, ಹೊತ್ತು ತೀರ್ಮಾನಿಸಿ. ಸಂತಾನಹರಣ, ಲಸಿಕೆ ಆಗದ ನಾಯಿಗಳ ಪಟ್ಟಿ ಮಾಡಿ ಪಾಲಿಕೆಯ ಪಶುವೈದ್ಯ ವಿಭಾಗಕ್ಕೆ ಕೊಡಿ. ನಾಯಿಗಳಿಗೆ ಊಟ ಹಾಕುವವರೇ ಅವನ್ನು ಹಿಡಿಸಲು ಎಲ್ಲರಿಗಿಂತ ಹೆಚ್ಚು ನೆರವಾಗುತ್ತಾರೆ, ಅವರ ಹತ್ತಿರ ನಾಯಿಗಳು ಬರುತ್ತವೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಬಾರದು. ಇದನ್ನು ಮನೆಕೆಲಸದವರ ಮಕ್ಕಳಿಗೂ ಹೇಳಿಕೊಡಿ.

7. ಹಬ್ಬ, ಕಾರ್ಯಕ್ರಮ

ಬಡಾವಣೆಯಲ್ಲಿ ಗಣೇಶ ಕೂರಿಸಲು ಒಂದು ತಿಂಗಳು ಮೊದಲೇ ಶುರುಮಾಡಿ. ಪೆಂಡಾಲ್‌ಗೆ ಪಾಲಿಕೆ, ಮೈಕ್‌ಗೆ ಪೊಲೀಸ್, ಕರೆಂಟಿಗೆ ಬೆಸ್ಕಾಂ ತಾತ್ಕಾಲಿಕ ಸಂಪರ್ಕ, ದೊಡ್ಡ ಪೆಂಡಾಲ್ ಆದರೆ ಅಗ್ನಿಶಾಮಕ ಇಲಾಖೆ. ಬೆಂಗಳೂರಿನಲ್ಲಿ ಹಬ್ಬದ ಹೊತ್ತಿಗೆ ಇವೆಲ್ಲ ಒಂದೇ ಕಡೆ ಸಿಗುವಂತೆ ಏಕಗವಾಕ್ಷಿ ಕೇಂದ್ರ ತೆರೆಯುತ್ತಾರೆ. ಬೀದಿದೀಪದ ಕಂಬದಿಂದ ವೈರು ಎಳೆಯುವುದು ಕಳ್ಳತನವೂ ಹೌದು, ಮಳೆಯಲ್ಲಿ ಜೀವಕ್ಕೆ ಅಪಾಯವೂ ಹೌದು. ಪೆಂಡಾಲ್ ಹಾಕಿದ ಮೇಲೂ ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಿ. ಒಮ್ಮೆ ಕಾರು ಓಡಿಸಿ ಖಚಿತ ಮಾಡಿಕೊಳ್ಳಿ.

ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ಬೇಡ, ಮಣ್ಣಿನದೇ ತನ್ನಿ. ಬಣ್ಣ ಇಲ್ಲದ ಮೂರ್ತಿಗೆ ಅರಿಶಿನ ಕುಂಕುಮದ ಅಲಂಕಾರ ಎಷ್ಟು ಚಂದ ಕಾಣುತ್ತದೆ. ವಿಸರ್ಜನೆಗೆ ಪಾಲಿಕೆಯ ಸಂಚಾರಿ ಟ್ಯಾಂಕ್ ಬರುತ್ತದೆ, ಅದರ ದಿನ, ಹೊತ್ತು ಮೊದಲೇ ಕೇಳಿಡಿ.

ಮೈಕ್ ರಾತ್ರಿ 10ಕ್ಕೆ ನಿಲ್ಲಬೇಕು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ನಿಯಮಕ್ಕಿಂತ ಮೊದಲು, ಪಕ್ಕದ ಮನೆಯಲ್ಲಿ ಹಸುಗೂಸು ಇದೆಯಾ, ಪರೀಕ್ಷೆಗೆ ಓದುವವರಿದ್ದಾರಾ, ಹುಷಾರಿಲ್ಲದವರಿದ್ದಾರಾ ಅಂತ ಸಂಘಕ್ಕೆ ಗೊತ್ತಿರುತ್ತದೆ, ಗೊತ್ತಿರಬೇಕು. ಸ್ಪೀಕರ್ ಅವರ ಮನೆ ಕಡೆ ತಿರುಗದಿರಲಿ.

ಚಂದಾ ಇಷ್ಟೇ ಕೊಡಬೇಕು ಅಂತ ಹೇಳಬೇಡಿ, ಕೊಡದವರ ಹೆಸರು ಬೋರ್ಡಿಗೆ ಹಾಕಬೇಡಿ. ಹಬ್ಬದ ಲೆಕ್ಕ ಬೇರೆ ಪುಸ್ತಕದಲ್ಲಿರಲಿ, ರಸ್ತೆಗೆ ಇಟ್ಟ ವಂತಿಗೆಯಲ್ಲಿ ಒಂದು ರೂಪಾಯಿಯೂ ಇದಕ್ಕೆ ಬರಬಾರದು.

ಊಟದ ವಿಷಯದಲ್ಲಿ ನಮಗೆ ಬಹಳ ಖುಷಿ ಕೊಟ್ಟದ್ದು ತಟ್ಟೆ ಬ್ಯಾಂಕ್. ಮೂರು ವರ್ಷ ಸ್ವಲ್ಪ ಸ್ವಲ್ಪ ಉಳಿಸಿ 150 ಸ್ಟೀಲ್ ತಟ್ಟೆ, 150 ಲೋಟ ತಂದೆವು. ಲೋಟದ ತಳದಲ್ಲಿ ಸಂಘದ ಹೆಸರು ಕೆತ್ತಿಸಿದ್ದೇವೆ. ಕೋಸಂಬರಿ, ಪುಳಿಯೋಗರೆ, ಮೊಸರನ್ನ ಬಡಿಸಿದ ಮೇಲೆ ತೊಳೆಯಲು ಮೂರು ಬಕೆಟ್ ಸಾಲಾಗಿ ಇಡುತ್ತೇವೆ. ಒಂದರಲ್ಲಿ ಎಂಜಲು ತೆಗೆದು, ಎರಡನೆಯದರಲ್ಲಿ ಉಜ್ಜಿ, ಮೂರನೆಯದರಲ್ಲಿ ಅದ್ದಿ ಎತ್ತಿದರೆ ಆಯಿತು. ಅವರವರ ತಟ್ಟೆ ಅವರವರೇ ತೊಳೆಯುತ್ತಾರೆ. ಊಟ ಮುಗಿದಾಗ ಉಳಿಯುವುದು ಒಂದು ಬಕೆಟ್ ಹಸಿ ಕಸ ಮಾತ್ರ. ಈಗ ಬೀದಿಯ ನಾಮಕರಣ, ತಿಥಿ, ಗೃಹಪ್ರವೇಶಕ್ಕೂ ಅವೇ ತಟ್ಟೆಗಳು ಓಡಾಡುತ್ತವೆ.

ವರ್ಷವೆಲ್ಲ ಒಂದೇ ಸಮುದಾಯದ ಹಬ್ಬ ಮಾಡಿದರೆ ಕೆಲವು ಮನೆಗಳು ಸದ್ದಿಲ್ಲದೆ ದೂರವಾಗುತ್ತವೆ. ನವೆಂಬರ್ 1ರ ರಾಜ್ಯೋತ್ಸವ, ಆಗಸ್ಟ್ 15, ಮಕ್ಕಳ ಆಟೋಟ, ಆರೋಗ್ಯ ತಪಾಸಣೆ, ಇವುಗಳಿಗೆ ಎಲ್ಲರೂ ಬರುತ್ತಾರೆ. ನಮ್ಮ ರಾಜ್ಯೋತ್ಸವದಲ್ಲಿ ಬಾಡಿಗೆಗೆ ಇರುವ ಒಡಿಶಾ, ಬಿಹಾರದ ಹುಡುಗರು ಕನ್ನಡದಲ್ಲಿ ತಮ್ಮ ಪರಿಚಯ ಹೇಳುತ್ತಾರೆ. ಅವರಿಗೆ ಆಟೋದವರ ಜೊತೆ, ಅಂಗಡಿಯವರ ಜೊತೆ ಮಾತಾಡುವಷ್ಟು ಕನ್ನಡವನ್ನು ಅಕ್ಟೋಬರ್‌ನ ಶನಿವಾರಗಳಲ್ಲಿ ಪಾರ್ಕ್‌ನಲ್ಲಿ ಕಲಿಸುತ್ತೇವೆ. ಕಲಿಸುವವರು ಅದೇ ಖಜಾಂಚಿ ಮೇಷ್ಟ್ರು.

8. ಜಗಳ ಬಂದಾಗ, ಅವಧಿ ಮುಗಿದಾಗ

ಪಾರ್ಕಿಂಗ್, ನೀರು, ಕಟ್ಟಡದ ಮರಳು ರಸ್ತೆಗೆ ಸುರಿದದ್ದು, ಜಗಳ ಬರುವುದು ಹೆಚ್ಚಾಗಿ ಈ ಮೂರಕ್ಕೆ. ಸಂಘ ನ್ಯಾಯಾಧೀಶರ ಪೀಠದಲ್ಲಿ ಕೂರಬಾರದು. ಎರಡೂ ಮನೆಯವರಿಗೆ ಹತ್ತಿರದವರು ಒಬ್ಬರು ಹೋಗಿ ಮಾತಾಡಲಿ. ದಂಡ ಹಾಕುವ, ನೀರು ನಿಲ್ಲಿಸುವ ಅಧಿಕಾರ ಸಂಘಕ್ಕೆ ಇಲ್ಲ. ಹೊಡೆದಾಟ, ಬೆದರಿಕೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಷಯವಾದರೆ ರಾಜಿ ಮಾತು ಬೇಡವೇ ಬೇಡ, ನೇರವಾಗಿ 112.

ಪದಾಧಿಕಾರಿಗಳು ಬದಲಾದ ದಿನ ಎಲ್ಲರ ಎದುರಿಗೆ ಹಸ್ತಾಂತರ ಮಾಡಿ, ಪಟ್ಟಿಗೆ ಇಬ್ಬರೂ ಸಹಿ ಹಾಕಲಿ. ನಮ್ಮ ಪಟ್ಟಿಯಲ್ಲಿ ಇರುವುದು: ನೋಂದಣಿ ಪ್ರಮಾಣಪತ್ರ, ಬೈಲಾ, ಪಾನ್ ಕಾರ್ಡ್, ಪಾಸ್‌ಬುಕ್, ಚೆಕ್‌ಬುಕ್, ಬಳಸದೆ ಉಳಿದ ರಸೀದಿ ಪುಸ್ತಕ, ಬಡಾವಣೆ ನಕ್ಷೆ, ಸೀಲು ಬಿದ್ದ ಪತ್ರಗಳ ಫೈಲು, ಕ್ಯಾಮೆರಾದ ಪಾಸ್‌ವರ್ಡ್, ಗ್ರೂಪ್‌ನ ಅಡ್ಮಿನ್, ನೋಟಿಸ್ ಬೋರ್ಡಿನ ಕೀ, ತಟ್ಟೆ 150, ಲೋಟ 147, ಮತ್ತು ದೂರಿನ ನೋಟ್‌ಬುಕ್‌ಗಳು. ಅವು ಈಗ ನಾಲ್ಕಾಗಿವೆ. ಬ್ಯಾಂಕ್‌ನಲ್ಲಿ ಸಹಿ ಬದಲಿಸುವ ಠರಾವನ್ನು ಅದೇ ಸಭೆಯಲ್ಲಿ ಬರೆದುಬಿಡಿ, ಇಲ್ಲದಿದ್ದರೆ ಹಳಬರನ್ನು ಹುಡುಕಿಕೊಂಡು ಚೆಕ್‌ಗೆ ಸಹಿ ಮಾಡಿಸುತ್ತಾ ಆರು ತಿಂಗಳು ಓಡಾಡಬೇಕಾಗುತ್ತದೆ. ಮೊದಲ ಮೂರು ತಿಂಗಳು ಹಳೇ ಕಾರ್ಯದರ್ಶಿ ಹೊಸಬರ ಜೊತೆ ಕಚೇರಿಗಳಿಗೆ ಹೋಗಿ, ಯಾವ ಟೇಬಲ್‌ನಲ್ಲಿ ಯಾರು ಅಂತ ಪರಿಚಯ ಮಾಡಿಸಿಕೊಡಲಿ.